ಲೇಸರ್ ಮಷಿನ್: ಬಾಡಿ ಮುಟ್ಟಿದರೆ ಜುಮ್ ಅನ್ನುತ್ತೆ, ಅಕ್ಷರ ಅರ್ಧಕ್ಕೇ ಮಸುಕಾಗುತ್ತೆ. ಪವರ್ ಸಪ್ಲೈ ಬದಲಾಯಿಸಬೇಕಾ?

ಸಾಕಿನಾಕಾ ಬೋರ್ಡ್‌ನವ

ನಮಸ್ಕಾರ ಎಲ್ಲರಿಗೂ. ಮುಂಬೈಯ ಸಾಕಿನಾಕಾದಲ್ಲಿ ನಮ್ಮದೊಂದು ಚಿಕ್ಕ ಗಾಲಾ, ಅಂದರೆ ವರ್ಕ್‌ಶಾಪ್, ಇದೆ. ಮನೆ ಬಾಗಿಲಿನ ನಾಮಫಲಕ, ಟ್ರೋಫಿ, ಅಕ್ರಿಲಿಕ್ ಅಕ್ಷರ, ಇಂಥ ಕೆಲಸ. ಈಗಂತೂ ಗಣಪತಿ ಹತ್ತಿರ ಬಂತು, ಮಖರದ (ಗಣಪತಿ ಕೂರಿಸುವ ಮಂಟಪ) ಎಂಡಿಎಫ್ ಹಲಗೆ ಕಟಿಂಗ್ ರಾತ್ರಿ ತನಕ ನಡೆಯುತ್ತಿದೆ. 2018ರಲ್ಲಿ ಮಹಾರಾಷ್ಟ್ರದಲ್ಲಿ ಥರ್ಮೋಕೋಲ್ ಮಖರ ಬಂದ್ ಆದ ಮೇಲೆ ನಮ್ಮಂಥವರಿಗೆ ವರ್ಷದ ದುಡಿಮೆ ಈ ಎರಡು ತಿಂಗಳಲ್ಲೇ. ಸರಿಯಾಗಿ ಇದೇ ಹೊತ್ತಿಗೆ ಮಷಿನ್ ಕೈಕೊಡುತ್ತಿದೆ.

80 ವಾಟ್‌ನ ಸಿಒ2 ಗಾಜಿನ ಟ್ಯೂಬ್ (ಲೇಸರ್ ಹುಟ್ಟುವುದು ಇದರಲ್ಲೇ), ಮಷಿನ್ ಓಡಿಸುವ ರುಯಿಡಾ ಕಂಟ್ರೋಲರ್, ಟ್ಯೂಬಿಗೆ ತಣ್ಣೀರು ಹರಿಸಲು ಕಂಪ್ರೆಸರ್ ಇರುವ ಚಿಲ್ಲರ್. ಕೆತ್ತನೆ ಚೆನ್ನಾಗಿ ಶುರುವಾಗುತ್ತೆ, ಅರ್ಧ ಅಕ್ಷರಕ್ಕೆ ಮಸುಕಾಗುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ಮಷಿನಿನ ಬಾಡಿಗೆ ಮೊಣಕೈ ತಾಗಿದರೆ ಜುಮ್ ಅನ್ನುತ್ತೆ, ಚಪ್ಪಲಿ ಹಾಕಿದ್ದರೆ ಅಷ್ಟು ಗೊತ್ತಾಗಲ್ಲ. ಇನ್ನೊಂದು, ಹೊಗೆ ಎಳೆಯುವ ಎಕ್ಸಾಸ್ಟ್ ಬ್ಲೋವರ್ ಆಫ್ ಮಾಡಿದಾಗ ಒಮ್ಮೊಮ್ಮೆ ಯುಎಸ್‌ಬಿ ಕಟ್ ಆಗುತ್ತೆ, ಇಲ್ಲವೇ ಸ್ಕ್ರೀನ್ ಹಾಗೇ ನಿಂತುಬಿಡುತ್ತೆ.

ಮಷಿನ್ ಕೊಟ್ಟವರಿಗೆ ಫೋನ್ ಮಾಡಿದೆ. "ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಪವರ್ ಸಪ್ಲೈ ಹೋಗಿದೆ, ಹೊಸದು ಹಾಕಿ" ಅಂದರು. ಬಂದು ನೋಡಲೂ ಇಲ್ಲ. ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹೋಗಿ ಒಂದು ತಂದೇ ಬಿಡೋಣ ಅಂತಿದ್ದೆ. ಅದಕ್ಕೂ ಮೊದಲು ಇಲ್ಲಿ ಕೇಳುತ್ತಿದ್ದೇನೆ.

ವಸಾಯಿ ಟ್ರೋಫಿ

ಬದಲಾಯಿಸಿಬಿಡಿ ಸರ್. ನಮ್ಮಲ್ಲೂ ಹೀಗೇ ಆಗಿತ್ತು, ಹೊಸ ಪವರ್ ಸಪ್ಲೈ ಹಾಕಿದೆ, ಸರಿಹೋಯ್ತು. ಸೀಸನ್‌ನಲ್ಲಿ ಮೀಟರ್ ಹಿಡ್ಕೊಂಡು ಕೂತರೆ ಗಿರಾಕಿ ಪಕ್ಕದ ಗಾಲಾಕ್ಕೆ ಹೋಗ್ತಾನೆ.

ಭೋಸರಿ ಪ್ಯಾನೆಲ್

ತಡೀರಿ ಸಾಹೇಬ್ರೆ, ಈಗಲೇ ದುಡ್ಡು ಬಿಚ್ಚಬೇಡಿ. ಪವರ್ ಸಪ್ಲೈ ಹೋದಾಗ ಬಹಳ ಸಲ ಪೂರಾ ಹೋಗುತ್ತೆ. ಹೀಗೆ ಬಂದು ಹೋಗಿ ಆಟ ಆಡಿಸುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಅದೂ ಅಲ್ಲದೆ ನೀವು ಹೇಳಿದ ಮೂರು ತೊಂದರೆಗೂ ಒಂದೇ ಕಾರಣ ಇರಬೇಕು ಅಂತೇನಿಲ್ಲ.

ಮಿಲಿಆಂಪ್ ಮೀಟರ್ ಇದೆಯಾ? ಟ್ಯೂಬಿನ ಮೈನಸ್ ಕಡೆಯಿಂದ ಪವರ್ ಸಪ್ಲೈಗೆ ವಾಪಸ್ ಬರುವ ತಂತಿಯ ನಡುವೆ ಒಂದು ಸೂಜಿ ಮೀಟರ್ ಹಾಕಿರುತ್ತಾರೆ. ಅಕ್ಷರ ಮಸುಕಾಗುವ ಹೊತ್ತಿಗೆ ಆ ಸೂಜಿ ಏನು ಮಾಡುತ್ತೆ ನೋಡಿ. ಸೂಜಿ ಇದ್ದಲ್ಲೇ ಇದ್ದು ಅಕ್ಷರ ಮಾತ್ರ ಮಸುಕಾದರೆ ಕರೆಂಟಿನ ತಪ್ಪಲ್ಲ. ಆಗ ಕನ್ನಡಿ, ಲೆನ್ಸ್ ನೋಡಬೇಕು, ಇಲ್ಲವೇ ಟ್ಯೂಬಿನ ಗ್ಯಾಸ್ ಮುಗಿದಿದೆ. ಸೂಜಿ ಸೊನ್ನೆಗೆ ಬಿದ್ದು ಅಲ್ಲೇ ಕೂತರೆ ಕಂಟ್ರೋಲರಿನಿಂದ ಸಿಗ್ನಲ್ ಬರುತ್ತಿಲ್ಲ, ಅಥವಾ ನಿಜವಾಗಿಯೂ ಪವರ್ ಸಪ್ಲೈ ಹೋಗಿದೆ. ಸೂಜಿ ಕುಣಿದರೆ ಹೈ ವೋಲ್ಟೇಜ್ ಎಲ್ಲೋ ಸೋರುತ್ತಿರಬಹುದು. ಸೋರಿದ ಕರೆಂಟ್ ಬಾಡಿ ಹಿಡಿದು ವಾಪಸ್ ಹೋಗುತ್ತೆ, ಮೀಟರಿನ ದಾರಿಗೆ ಬರುವುದೇ ಇಲ್ಲ. ಅದಕ್ಕೇ ಸೂಜಿ ಇಳಿಯುತ್ತೆ.

ಮೀಟರ್ ಇಲ್ಲದಿದ್ದರೆ ಒಂದು ಹಾಕಿಸಿ. ಆದರೆ ಮಷಿನ್ ಆನ್ ಇರುವಾಗ ಆ ತಂತಿ ಬಿಚ್ಚಬೇಡಿ. ಸಾಧಾರಣವಾಗಿ ಅಲ್ಲಿ ವೋಲ್ಟೇಜ್ ಇರಲ್ಲ, ಬಿಚ್ಚಿದ ಕ್ಷಣ ಸಾವಿರಗಟ್ಟಲೆ ವೋಲ್ಟ್ ಬಂದು ಕೂರುತ್ತೆ.

ಡೊಂಬಿವಲಿ ವೈರ್‌ಮನ್

ಮಾರಾಯ್ರೆ, ಅಕ್ಷರ ಮಸುಕಾಗುವುದು ಆಮೇಲೆ ನೋಡುವ. ಬಾಡಿ ಜುಮ್ ಅನ್ನುತ್ತೆ ಅಂತ ಹೇಳಿ ಅದರ ಮೇಲೇ ರಾತ್ರಿ ತನಕ ಕೆಲಸ ಮಾಡ್ತಿದ್ದೀರಲ್ಲ! ಮೊದಲು ಪ್ಲಗ್ ತೆಗೀರಿ.

ಇದು ಅರ್ಥಿಂಗ್ ಇಲ್ಲದ ಲಕ್ಷಣ. ಮಷಿನ್ ಒಳಗೆ ಕರೆಂಟ್ ಬರುವ ಜಾಗದಲ್ಲಿ ಒಂದು ಫಿಲ್ಟರ್ ಇರುತ್ತೆ. ಅದರೊಳಗೆ ಫೇಸ್‌ನಿಂದ ಬಾಡಿಗೊಂದು, ನ್ಯೂಟ್ರಲ್‌ನಿಂದ ಬಾಡಿಗೊಂದು ಪುಟ್ಟ ಕೆಪಾಸಿಟರ್. ಅರ್ಥ್ ಸರಿಯಿದ್ದರೆ ಅವು ಬಿಡುವ ಚೂರುಪಾರು ಕರೆಂಟ್ ಅರ್ಥ್‌ಗೆ ಹೋಗಿಬಿಡುತ್ತೆ. ಅರ್ಥ್ ಇಲ್ಲದಿದ್ದರೆ ಬಾಡಿ ಎರಡರ ಮಧ್ಯೆ ತೇಲುತ್ತೆ. 230ರ ಅರ್ಧ, ಅಂದರೆ ಹತ್ತಿರ ಹತ್ತಿರ 115 ವೋಲ್ಟ್. ಮಲ್ಟಿಮೀಟರ್ ಇಟ್ಟು ನೋಡಿ, ಅದೇ ತೋರಿಸದಿದ್ದರೆ ಕೇಳಿ.

ಆ ಜುಮ್ ಸಣ್ಣದೇ, ಅದರಿಂದಲೇ ಯಾರೂ ಸಾಯಲ್ಲ. ಆದರೆ ನಿಮ್ಮದು ಸಾದಾ ಮಷಿನ್ ಅಲ್ಲ. ಇಷ್ಟು ದೊಡ್ಡ ಟ್ಯೂಬ್ ಹೊತ್ತಿಕೊಳ್ಳಲು 20 ಸಾವಿರ ವೋಲ್ಟ್‌ಗಿಂತ ಮೇಲೆ ಬೇಕು. ಅದು ಬಾಡಿಗೆ ಹಾರಿದ ದಿನ ಅರ್ಥ್ ಇಲ್ಲ ಅಂದರೆ ಅದಕ್ಕೆ ನೀವೇ ದಾರಿ.

ಗಾಲಾದ ಸಾಕೆಟ್‌ನಲ್ಲಿ ಮೂರು ರೀಡಿಂಗ್ ಬೇಕು. ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್. ಮಷಿನ್ ತೆಗೆದಿಟ್ಟು ನೋಡಿ.

ಸಾಕಿನಾಕಾ ಬೋರ್ಡ್‌ನವ

ಅಣ್ಣ, ಈಗಷ್ಟೇ ನೋಡಿದೆ. ಫೇಸ್–ನ್ಯೂಟ್ರಲ್ 234. ಫೇಸ್–ಅರ್ಥ್ 71. ನ್ಯೂಟ್ರಲ್–ಅರ್ಥ್ 40, ಅದೂ ನಿಲ್ತಾ ಇಲ್ಲ, ಏರುತ್ತೆ ಇಳಿಯುತ್ತೆ. ಹುಡುಗನಿಂದ ಮಷಿನ್ ಆನ್ ಮಾಡಿಸಿ, ಬಾಡಿಯಿಂದ ನ್ಯೂಟ್ರಲ್‌ಗೆ ಇಟ್ಟೆ: 112.

ಡೊಂಬಿವಲಿ ವೈರ್‌ಮನ್

ಆಯ್ತಲ್ಲ. 71ಕ್ಕೆ 40 ಸೇರಿಸಿದರೆ 234 ಆಗಲ್ಲ. ಅಂದರೆ ಅರ್ಥ್ ಪಿನ್‌ಗೆ ತಂತಿ ಇದ್ದರೂ ಅದು ಎಲ್ಲಿಗೂ ಮುಟ್ಟಿಲ್ಲ. ಗಾಳಿಯಲ್ಲಿ ನೇತಾಡುವ ತಂತಿಗೆ ಮೀಟರ್ ಇಂಥ ದೆವ್ವದ ವೋಲ್ಟೇಜ್ ತೋರಿಸುತ್ತೆ. ಸರಿಯಾದ ಅರ್ಥ್ ಆಗಿದ್ದರೆ ಫೇಸ್–ಅರ್ಥ್ 230ರ ಆಸುಪಾಸು, ನ್ಯೂಟ್ರಲ್–ಅರ್ಥ್ ಒಂದೆರಡು ವೋಲ್ಟ್ ಇರಬೇಕಿತ್ತು.

ನಿಮ್ಮ ಗಾಲಾದ ವೈರ್‌ಮನ್ನನ್ನು ಕರೆಯಿರಿ. ಅವನು ಬಲ್ಬ್ ಹಚ್ಚಿ ನೋಡ್ತೇನೆ ಅಂದರೆ ಒಂದು ಮಾತು ಹೇಳಿ. ಅದೇ ಅರ್ಥ್ ತಂತಿಗೆ ಸೇರಿದ ಬಾಕಿ ಮಷಿನ್‌ಗಳ ಪ್ಲಗ್ ಎಲ್ಲ ಮೊದಲು ತೆಗೆಯಬೇಕು. ಫೇಸ್‌ನಿಂದ ಅರ್ಥ್‌ಗೆ ಬಲ್ಬ್ ಹಾಕಿದಾಗ ಅರ್ಥ್ ಮುರಿದಿದ್ದರೆ ಬಲ್ಬ್ ಮೂಲಕ ಎಲ್ಲ ಮಷಿನ್ ಬಾಡಿಗೂ ಕರೆಂಟ್ ಹೋಗುತ್ತೆ. ಬಲ್ಬ್ ಹತ್ತಲಿಲ್ಲ ಅಂತ ನೀವು ತಲೆ ಕೆರೆದುಕೊಳ್ಳುವಾಗ ಪಕ್ಕದಲ್ಲಿ ಡ್ರಿಲ್ ಹಿಡಿದವನಿಗೆ ಶಾಕ್ ಹೊಡೆಯುತ್ತೆ.

ಮಾಪ್ಸಾ ಕೆತ್ತನೆ

ನಾನು ಗೋವಾದಲ್ಲಿ ಹೊಟೇಲ್, ಹೋಮ್‌ಸ್ಟೇಗಳ ಮರದ ಬೋರ್ಡ್ ಕೆತ್ತುತ್ತೇನೆ. ನನ್ನ ಮಷಿನ್ ಜೊತೆ ಬಂದ ಪುಸ್ತಕದಲ್ಲಿ "ಮಷಿನ್ ಪಕ್ಕದಲ್ಲೇ ಒಂದು ರಾಡ್ ಹೊಡೆದು ಅರ್ಥ್ ಕೊಡಿ" ಅಂತ ಇದೆ. ಹಾಗೆ ಮಾಡಿದರೆ ಆಗಲ್ವಾ? ಗಾಲಾದ ವೈರಿಂಗ್ ಕೆದಕುವ ತಲೆನೋವು ಯಾಕೆ?

ಭೋಸರಿ ಪ್ಯಾನೆಲ್

ಅಕ್ಕ, ಅದೊಂದನ್ನೇ ನಂಬಬೇಡಿ. ನಿಮ್ಮ ಕಡೆ ನೆಲ ಮುರಕಲ್ಲು. ಬೇಸಿಗೆಯಲ್ಲಿ ಒಣಗಿದರೆ ಒಂದು ರಾಡ್‌ಗೆ 20 ಓಮ್ ಬಂದರೂ ಆಶ್ಚರ್ಯ ಇಲ್ಲ. ಒಂದು ದಿನ ಫೇಸ್ ತಂತಿ ಸುಲಿದು ಬಾಡಿಗೆ ತಾಗಿತು ಅಂದುಕೊಳ್ಳಿ. 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. ನಿಮ್ಮ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ಬೀಳುವ ಸ್ವಿಚ್) 16 ಆಂಪಿಯರಿನದು ಅನ್ನಿ. ಅದು ಬೀಳುವುದೇ ಇಲ್ಲ! ಬಾಡಿ ಮೇಲೆ 230 ಹಾಗೇ ಕೂತಿರುತ್ತೆ. ರಾಡ್ ಹೊಡೆಯಿರಿ, ಬೇಡ ಅನ್ನಲ್ಲ. ಆದರೆ ಕಟ್ಟಡದ ಮೇನ್ ಅರ್ಥ್‌ಗೂ ಸೇರಿಸಿ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಅಂತೂ ಹಾಕಿಸಲೇಬೇಕು. ಎಂಸಿಬಿ ಕಾಯುವುದು ತಂತಿಯನ್ನ. ನಮ್ಮನ್ನ ಕಾಯುವುದು ಆರ್‌ಸಿಸಿಬಿ. ಒಂದು ವಿಷಯ ಮಾತ್ರ ನೆನಪಿರಲಿ: ಟ್ಯೂಬಿನ ಕಡೆಯ ಹೈ ವೋಲ್ಟೇಜ್ ಹೊಡೆತಕ್ಕೆ ಆರ್‌ಸಿಸಿಬಿ ಕೂಡ ಕೆಲಸಕ್ಕೆ ಬರಲ್ಲ. ಅದು ಟ್ರಾನ್ಸ್‌ಫಾರ್ಮರಿನ ಆಚೆ ಇರೋ ಕರೆಂಟು.

ವಸಾಯಿ ಟ್ರೋಫಿ

ನಮ್ಮ ಗಾಲಾದಲ್ಲಿ ಆರ್‌ಸಿಸಿಬಿ ಹಾಕಿದ್ದೆವು. ಲೇಸರ್ ಆನ್ ಮಾಡಿದರೆ ಬೀಳ್ತಾ ಇತ್ತು. ತೆಗೆಸಿಬಿಟ್ಟೆ. ಆಮೇಲೆ ಆರಾಮು.

ಡೊಂಬಿವಲಿ ವೈರ್‌ಮನ್

ಆರಾಮು! ದೇವರೇ ಕಾಪಾಡಬೇಕು ನಿಮ್ಮನ್ನ.

ಸಾರ್, ಆರ್‌ಸಿಸಿಬಿ ಸುಮ್ನೆ ಬೀಳಲ್ಲ. ನಾಲ್ಕು ಮಷಿನ್, ಎಸ್‌ಎಂಪಿಎಸ್ (ಕಡಿಮೆ ವೋಲ್ಟ್ ಕೊಡುವ ಡಬ್ಬಿ), ಚಿಲ್ಲರ್ ಎಲ್ಲ ಒಂದರ ಮೇಲೇ ಇದ್ದರೆ ಎಲ್ಲರ ಚೂರು ಚೂರು ಲೀಕೇಜ್ ಸೇರಿ ಬೀಳಬಹುದು. ಹಾಗಿದ್ದರೆ ಲೇಸರಿಗೆ ಬೇರೆ ಆರ್‌ಸಿಸಿಬಿ ಕೊಡಿ. ಬೇರೆ ಕೊಟ್ಟ ಮೇಲೂ ಬಿದ್ದರೆ ಎಲ್ಲೋ ನೀರು ಸೇರಿರಬಹುದು. ಚಿಲ್ಲರಿನ ಪಂಪ್ ಮೊದಲು ನೋಡಿ.

ಸಾಕಿನಾಕಾ ಬೋರ್ಡ್‌ನವ

ಅಪ್‌ಡೇಟ್. ವೈರ್‌ಮನ್ ಬಂದು ಅರ್ಧ ಗಂಟೆಯಲ್ಲಿ ಅರ್ಥಿಂಗ್ ಸರಿ ಮಾಡಿ ಹೋದ. ಈಗ ಫೇಸ್–ಅರ್ಥ್ 233, ನ್ಯೂಟ್ರಲ್–ಅರ್ಥ್ 0.0. ಜುಮ್ ಪೂರಾ ಹೋಗಿದೆ. ಅಣ್ಣಂಗೆ ಧನ್ಯವಾದ!

ಮಸುಕಾಗುವುದು ಮಾತ್ರ ಹಾಗೇ ಇದೆ. ಮಿಲಿಆಂಪ್ ಮೀಟರ್ ಮುಚ್ಚಳದ ಮೇಲೇ ಇತ್ತು, ಇಷ್ಟು ದಿನ ಅದರ ಕಡೆ ನೋಡುವ ಪ್ರಮೇಯ ಬಂದಿರಲಿಲ್ಲ. 18ರಲ್ಲಿ ಓಡುತ್ತೆ. ಮಸುಕಾಗುವಾಗ 7–8ಕ್ಕೆ ಬಿದ್ದು ಕುಣಿಯುತ್ತೆ. ಕಿವಿಗೊಟ್ಟರೆ ಹಿಂದಿನ ಕಡೆ ಟಿಕ್ ಟಿಕ್ ಸದ್ದು.

ಡೊಂಬಿವಲಿ ವೈರ್‌ಮನ್

ಒಂದು ನಿಮಿಷ. ಅರ್ಧ ಗಂಟೆಯಲ್ಲಿ ಅರ್ಥಿಂಗ್? ಮತ್ತೆ 0.0?

ಬ್ಲೋವರ್, ಚಿಲ್ಲರ್, ಕಂಪ್ರೆಸರ್ ಎಲ್ಲ ಓಡಿಸಿ, ಆಗ ನ್ಯೂಟ್ರಲ್–ಅರ್ಥ್ ನೋಡಿ. ಲೋಡ್ ಬಂದಾಗ ನ್ಯೂಟ್ರಲ್ ತಂತಿಯಲ್ಲಿ ಒಂದೆರಡು ವೋಲ್ಟ್ ಬಿದ್ದೇ ಬೀಳಬೇಕು. ಆಗಲೂ ಸೊನ್ನೆಯೇ ಇದ್ದರೆ ಮೇನ್ ಸ್ವಿಚ್ ಆಫ್ ಮಾಡಿ ಸಾಕೆಟ್ ಬಿಚ್ಚಿ. ಅರ್ಥ್ ಪಿನ್‌ನಿಂದ ನ್ಯೂಟ್ರಲ್‌ಗೆ ಒಂದು ಗೇಣುದ್ದದ ತಂತಿ ಕಟ್ಟಿದ್ದಾನಾ ನೋಡಿ.

ಸಾಕಿನಾಕಾ ಬೋರ್ಡ್‌ನವ

ಕಟ್ಟಿದ್ದಾನೆ. ಕೆಂಪು ತಂತಿಯ ತುಂಡು, ಎರಡೂ ಕಡೆ ಸುಲಿದು ಸ್ಕ್ರೂ ಕೆಳಗೆ ಸಿಗಿಸಿದ್ದಾನೆ. ಇದರಿಂದ ಏನಾಗುತ್ತೆ?

ಡೊಂಬಿವಲಿ ವೈರ್‌ಮನ್

ನ್ಯೂಟ್ರಲ್ ಎಲ್ಲಾದರೂ ಕಟ್ ಆದ ದಿನ, ಮೀಟರ್ ರೂಮಿನಲ್ಲಿ ಒಂದು ಸ್ಕ್ರೂ ಸಡಿಲ ಆದರೂ ಸಾಕು, ಮಷಿನ್ ಒಳಗಿನ ಲೋಡ್ ಮೂಲಕ ಪೂರ್ತಿ 230 ನಿಮ್ಮ ಬಾಡಿಗೆ ಬರುತ್ತೆ. ಮೊದಲು ಜುಮ್ ಅಂತಿತ್ತು. ಆ ದಿನ ಕೈ ಅಂಟಿಕೊಳ್ಳುತ್ತೆ. ಮುಂಬೈಯಲ್ಲಿ ಎಷ್ಟೋ ಗಾಲಾಗಳಲ್ಲಿ ಇದೇ ಕತೆ, ಜುಮ್ ಅನ್ನುವುದು ನಿಂತಿತಲ್ಲ, ಗಿರಾಕಿ ಖುಷ್.

ಆ ತುಂಡು ಈಗಲೇ ತೆಗೀರಿ. ಮೀಟರ್ ರೂಮಿನ ಅರ್ಥ್ ಪಟ್ಟಿಯಿಂದ ನಿಮ್ಮ ಡಿಬಿವರೆಗೆ (ಗಾಲಾದ ಎಂಸಿಬಿ ಪೆಟ್ಟಿಗೆ) ಹಸಿರು ತಾಮ್ರದ ತಂತಿ ಎಳೆಸಬೇಕು, 4 ಚದರ ಮಿಲಿಮೀಟರಿನದು. ಸೊಸೈಟಿಯವರು ತಕರಾರು ಮಾಡಿದರೆ ಸೆಕ್ರೆಟರಿಯನ್ನೇ ಕರೆಸಿ ಮಲ್ಟಿಮೀಟರಿನ ರೀಡಿಂಗ್ ತೋರಿಸಿ. ತಂತಿ ಲೋಹಾರ್ ಚಾಳ್‌ನಲ್ಲಿ ಸಿಗುತ್ತೆ, ಆದರೆ ಐಎಸ್‌ಐ ಗುರುತು ನೋಡಿ ತಗೊಳ್ಳಿ.

ಭೋಸರಿ ಪ್ಯಾನೆಲ್

ಅಣ್ಣ ಅರ್ಥ್ ನೋಡ್ಕೊಳ್ಳಲಿ, ನಾನು ಟಿಕ್ ಟಿಕ್ ನೋಡ್ತೀನಿ. ಸೂಜಿ ಕುಣಿಯೋದು, ಸದ್ದು, ಮಸುಕು ಮೂರೂ ಒಟ್ಟಿಗೆ ಬಂದರೆ ಅದು ಆರ್ಕಿಂಗ್, ಅಂದರೆ ಕಿಡಿ ಹಾರುವುದು. ಇಲ್ಲಿಗೆ ಪವರ್ ಸಪ್ಲೈ ಬಚಾವ್ ಅನ್ನಬಹುದು. ಆದರೆ ಹೀಗೇ ಬಿಟ್ಟರೆ ಅದರೊಳಗಿನ, ವೋಲ್ಟೇಜ್ ಏರಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಸುಟ್ಟು, ಮಷಿನ್ ಕೊಟ್ಟವರ ಮಾತು ಕೊನೆಗೂ ನಿಜ ಆಗುತ್ತೆ!

ರಾತ್ರಿ ದೀಪ ಆರಿಸಿ. ಟ್ಯೂಬಿನ ಪ್ಲಸ್ ತುದಿ, ಕೆಂಪು ದಪ್ಪ ತಂತಿ ಬರುವ ಕಡೆ, ಕಾಣುವ ಹಾಗೆ ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿ ದೂರ ಇಟ್ಟು ವೀಡಿಯೊ ಹಚ್ಚಿ. ನೀವು ಮುಂದೆ ನಿಂತು ಕಡಿಮೆ ಪವರ್‌ನಲ್ಲಿ ಓಡಿಸಿ. ಹಿಂದೆ ಹೋಗಿ ಬಗ್ಗಿ ನೋಡುವ ಕೆಲಸ ಬೇಡ. ಬೆಳಕೇ ಕಾಣದ ಲೇಸರ್ ಅದು, 10.6 ಮೈಕ್ರೋಮೀಟರ್. ಕಣ್ಣಿಗೆ ಬಿದ್ದ ಮೇಲೇ ಗೊತ್ತಾಗೋದು.

ಇನ್ನೊಂದು: ಚಿಲ್ಲರಿನಲ್ಲಿ ಎಷ್ಟು ಡಿಗ್ರಿ ಇಟ್ಟಿದ್ದೀರಿ? ಯಾವ ನೀರು?

ಸಾಕಿನಾಕಾ ಬೋರ್ಡ್‌ನವ

18 ಡಿಗ್ರಿ. ತಣ್ಣಗಿದ್ದಷ್ಟೂ ಟ್ಯೂಬ್ ಬಾಳುತ್ತೆ ಅಂದಿದ್ದರು. ನೀರು ಡಿಸ್ಟಿಲ್ಡ್, ಬ್ಯಾಟರಿ ಅಂಗಡಿಯದು. ಪಾಚಿ ಬರದಿರಲಿ ಅಂತ ಸ್ವಲ್ಪ ಬ್ಲೀಚಿಂಗ್ ದ್ರವ ಹಾಕಿದ್ದೇವೆ.

ವೀಡಿಯೊ ಬಂತು. ಪ್ಲಸ್ ತುದಿಯ ಸಿಲಿಕಾನ್ ಟೋಪಿಯ ಅಂಚಿನಿಂದ ನೇರಳೆ ಬಣ್ಣದ ಕೂದಲೆಳೆಯಂಥ ಕಿಡಿ ಹೊರಟು, ಗಾಜಿನ ಮೇಲೆ ಹರಿದು ಬ್ರಾಕೆಟ್‌ಗೆ ಮುಟ್ಟುತ್ತಿದೆ. ಮತ್ತೆ ಗಾಜಿನ ಮೇಲೆ ಹನಿ ಹನಿ ನೀರಿದೆ. ಪೈಪ್ ಎಲ್ಲೂ ಸೋರುತ್ತಿಲ್ಲ.

ಭೋಸರಿ ಪ್ಯಾನೆಲ್

ಸಿಕ್ಕಿತು. ಪೈಪ್ ಸೋರಲ್ಲ, ಅದು ಗಾಳಿಯ ನೀರು. ಫ್ರಿಜ್‌ನಿಂದ ತೆಗೆದ ಬಾಟ್ಲಿ ಬೆವರುತ್ತಲ್ಲ, ಹಾಗೆ ನಿಮ್ಮ ಟ್ಯೂಬ್ ಬೆವರುತ್ತಿದೆ. ಮಳೆಗಾಲದ ಮುಂಬೈ: ಗಾಲಾ ಒಳಗೆ 30 ಡಿಗ್ರಿ, ತೇವ ಶೇಕಡಾ 85 ಅಂದರೆ 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತೆ. ನೀವು ಟ್ಯೂಬನ್ನು 18ಕ್ಕೆ ಇಟ್ಟಿದ್ದೀರಿ. ಒದ್ದೆ ಗಾಜು, ಅದರ ಮೇಲೆ ಎಂಡಿಎಫ್ ಹೊಗೆಯ ಮಸಿ. ಹೈ ವೋಲ್ಟೇಜಿಗೆ ಇದಕ್ಕಿಂತ ಒಳ್ಳೇ ರಸ್ತೆ ಬೇಕಾ?

ಪುಣೆಯಲ್ಲಿ ನಮಗೆ ಇದು ಕಡಿಮೆ. ಮುಂಬೈ, ಗೋವಾದವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದ್ದದ್ದೇ. ನಾನು ಫೋನಿನಲ್ಲಿ ಕೇಳುವ ಮಳೆಗಾಲದ "ಪವರ್ ಸಪ್ಲೈ ಹೋಯ್ತು" ದೂರುಗಳಲ್ಲಿ ಜಾಸ್ತಿ ಇವೇ.

ಚಿಲ್ಲರಿನಲ್ಲಿ ಎರಡು ಮೋಡ್ ಇರುತ್ತೆ. ಒಂದು, ನೀವು ಕೊಟ್ಟ ಡಿಗ್ರಿಗೆ ಅಂಟಿಕೊಳ್ಳುವುದು. ಇನ್ನೊಂದು, ರೂಮಿನ ಬಿಸಿ ನೋಡಿ ಅದಕ್ಕಿಂತ ಒಂದೆರಡು ಡಿಗ್ರಿ ಮಾತ್ರ ಕೆಳಗೆ ಇರುವುದು. ಬಹಳ ಚಿಲ್ಲರ್‌ಗಳು ಕಾರ್ಖಾನೆಯಿಂದ ಬರುವಾಗ ಎರಡನೇ ಮೋಡ್‌ನಲ್ಲೇ ಇರುತ್ತವೆ, ನಾವೇ ಬದಲಾಯಿಸುತ್ತೇವೆ. ಮಳೆಗಾಲದಲ್ಲಿ ಎರಡನೆಯದಕ್ಕೇ ಹಾಕಿ. 28ರಲ್ಲಿ ಟ್ಯೂಬ್ ಶಕ್ತಿ ಸ್ವಲ್ಪ ಕಡಿಮೆ ಕೊಡುತ್ತೆ, ಸ್ಪೀಡ್ ಇಳಿಸಿ ಕೆಲಸ ಮಾಡಿ. 30 ದಾಟಿದರೆ ನಿಲ್ಲಿಸಿ. ಸಾಧ್ಯ ಆದರೆ ಆ ಮೂಲೆಗೆ ಪಾರ್ಟಿಶನ್ ಹಾಕಿ ಒಂದು ಎಸಿ ಕೂರಿಸಿ. ರೂಮು 25, ತೇವ 55ಕ್ಕೆ ಇಳಿದರೆ ನೀರು ಕೂರುವ ಮಟ್ಟ 15ರ ಹತ್ತಿರ ಬರುತ್ತೆ. ಆಗ ನಿಮ್ಮ 18ರ ಆಸೆಯೂ ತೀರುತ್ತೆ. ಒಂದು ತೇವದ ಮೀಟರ್ ತಂದು ಗೋಡೆಗೆ ನೇತುಹಾಕಿ, ದೊಡ್ಡ ಬೆಲೆಯದಲ್ಲ.

ಆ ಬ್ಲೀಚಿಂಗ್ ಚೆಲ್ಲಿ. ಡಿಸ್ಟಿಲ್ಡ್ ನೀರು ಹಾಕುವುದೇ ಅದು ಕರೆಂಟ್ ಹರಿಸಲ್ಲ ಅಂತ. ಅದಕ್ಕೇ ಉಪ್ಪು, ಕ್ಲೋರಿನ್ ಸೇರಿಸಿದರೆ ಹೈ ವೋಲ್ಟೇಜ್ ಟ್ಯೂಬಿನಿಂದ ನೀರಿಗೆ, ನೀರಿನಿಂದ ಚಿಲ್ಲರಿಗೆ ನಡೆದು ಹೋಗುತ್ತೆ. ಪಾಚಿ ಬಂದರೆ ನೀರು ಬದಲಾಯಿಸಿ, ಅಷ್ಟೇ.

ಮಾಪ್ಸಾ ಕೆತ್ತನೆ

ಇದನ್ನು ಓದಿ ಈಗಲೇ ಹೋಗಿ ನನ್ನ ಚಿಲ್ಲರ್ ನೋಡಿ ಬಂದೆ. 20ರಲ್ಲಿದೆ. ಬೆವರಿಲ್ಲ, ಯಾಕಂದರೆ ಎಸಿ ರೂಮು. ಆದರೆ ಕರೆಂಟ್ ಹೋಗಿ ಎಸಿ ನಿಂತಾಗ ಯುಪಿಎಸ್ ಮೇಲೆ ಚಿಲ್ಲರ್ ಓಡ್ತಾ ಇರುತ್ತೆ! ಆಗ ಏನು ಗತಿ?

ಭೋಸರಿ ಪ್ಯಾನೆಲ್

ಒಳ್ಳೇ ಪ್ರಶ್ನೆ ಅಕ್ಕ. ಎಸಿ ನಿಂತ ಮೇಲೆ ಬಾಗಿಲು ತೆರೆದರೆ ಹೊರಗಿನ ಒದ್ದೆ ಗಾಳಿ ಒಳಗೆ ನುಗ್ಗುತ್ತೆ. ಕೆಲಸ ಅಲ್ಲಿಗೇ ನಿಲ್ಲಿಸಿ. ಕರೆಂಟ್ ಬಂದ ಕೂಡಲೇ ಲೇಸರ್ ಹಚ್ಚಬೇಡಿ, ಎಸಿ ಸ್ವಲ್ಪ ಹೊತ್ತು ಓಡಲಿ, ಟ್ಯೂಬಿನ ಗಾಜು ಒಣಗಿದೆಯಾ ನೋಡಿ, ಆಮೇಲೆ.

ಕೋಥರೂಡ್ ಹವ್ಯಾಸಿ

ನಡುವೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನದು ಚಿಕ್ಕ ಡಯೋಡ್ ಲೇಸರ್, 24 ವೋಲ್ಟ್ ಅಡಾಪ್ಟರ್. ನೀರಿಲ್ಲ, ಹೈ ವೋಲ್ಟೇಜ್ ಇಲ್ಲ. ಆದರೂ ಅಲ್ಯೂಮಿನಿಯಂ ಫ್ರೇಮ್ ಮುಟ್ಟಿದರೆ ಚುರುಗುಟ್ಟುತ್ತೆ. ಲ್ಯಾಪ್‌ಟಾಪ್ ಚಾರ್ಜರ್ ಸಿಗಿಸಿದರೆ ಚುರುಕ್ ಇಲ್ಲ. ಇದು ಯಾವ ಮಾಯೆ?

ಡೊಂಬಿವಲಿ ವೈರ್‌ಮನ್

ಅದೇ ಮಾಯೆ. ನಿಮ್ಮ ಅಡಾಪ್ಟರ್ ಎರಡು ಪಿನ್ನಿನದು, ಅದರೊಳಗೂ ಒಂದು ಪುಟ್ಟ ಕೆಪಾಸಿಟರ್ ಇರುತ್ತೆ. ಲ್ಯಾಪ್‌ಟಾಪ್ ಚಾರ್ಜರಿಗೆ ಮೂರು ಪಿನ್. ಸಿಗಿಸಿದಾಗ ಯುಎಸ್‌ಬಿ ತಂತಿಯ ಮೂಲಕ ಫ್ರೇಮಿಗೆ ಅರ್ಥ್ ಸಿಗುತ್ತೆ, ಚುರುಕ್ ನಿಲ್ಲುತ್ತೆ. ಆದರೆ ಚುರುಕ್ ನಿಂತಿತು ಅಂತ ಅರ್ಥಿಂಗ್ ಚೆನ್ನಾಗಿದೆ ಅಂದುಕೊಳ್ಳಬೇಡಿ, ಮೂರು ರೀಡಿಂಗ್ ನೀವೂ ನೋಡಿ. ಪಾಪ ಯುಎಸ್‌ಬಿಗೆ ಮಾತ್ರ ಆ ಕೆಲಸ ಕೊಡಬೇಡಿ. ಫ್ರೇಮಿನಿಂದ ಮೂರನೇ ಪಿನ್ನಿಗೆ ಒಂದು ಹಸಿರು ತಂತಿ ಕೊಡಿಸಿ.

ಸಾಕಿನಾಕಾ ಬೋರ್ಡ್‌ನವ

ಸರ್, ಆ ಪ್ಲಸ್ ತುದಿ ನಾನೇ ಸರಿಮಾಡಬಹುದಾ? ಕಪ್ಪು ಇನ್ಸುಲೇಶನ್ ಟೇಪ್ ನಾಲ್ಕು ಸುತ್ತು ಸುತ್ತಿದರೆ?

ಭೋಸರಿ ಪ್ಯಾನೆಲ್

ಟೇಪ್ ಬೇಡವೇ ಬೇಡ. ಮನೆ ವೈರಿಂಗಿನ ಟೇಪ್ 20 ಸಾವಿರ ವೋಲ್ಟ್‌ಗೆ ಲೆಕ್ಕಕ್ಕೇ ಇಲ್ಲ. ಅದರ ಅಂಟಿಗೆ ಧೂಳು ಹಿಡಿದು, ಮಸಿಯಾಗಿ, ಇನ್ನೊಂದು ರಸ್ತೆ ಆಗುತ್ತೆ.

ನೀವೇ ಮಾಡಬಹುದು, ಅವಸರ ಇಲ್ಲದಿದ್ದರೆ. ಪ್ಲಗ್ ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಒಂದು ಹತ್ತು ನಿಮಿಷ ಬಿಡಿ. ಆಮೇಲೂ ಪ್ಲಸ್ ತುದಿಯಲ್ಲಿ ಚಾರ್ಜ್ ಉಳಿದಿರಬಹುದು. ಒಣಗಿದ ಉದ್ದನೆಯ ಪ್ಲಾಸ್ಟಿಕ್ ಪೈಪಿನ ತುದಿಗೆ ತಂತಿ ಕಟ್ಟಿ, ಆ ತಂತಿಯ ಇನ್ನೊಂದು ತುದಿಯನ್ನು ಮೊದಲು ಬಾಡಿಗೆ ಗಟ್ಟಿಯಾಗಿ ಸೇರಿಸಿ, ನಂತರ ಪ್ಲಸ್‌ಗೆ ಮುಟ್ಟಿಸಿ. ಕ್ರಮ ತಿರುಗುಮುರುಗು ಆಗಬಾರದು.

ಹಳೇ ಸಿಲಿಕಾನ್ ಕತ್ತರಿಸಿ ತೆಗೆಯಿರಿ. ಗಾಜಿನ ಮೇಲಿನ ಮಸಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿ ಬರುವ ತನಕ. ಪಿನ್ನಿಗೆ ತಂತಿ ಬಿಗಿಯಾಗಿ ಸುತ್ತಿ. ಬೆಸುಗೆ ಕಾಯಿಸಿ ಹಿಡಿಯಬೇಡಿ, ಪಿನ್ನು ಗಾಜಿಗೆ ಸೇರುವ ಜಾಗ ಸೀಳಿದರೆ ಟ್ಯೂಬೇ ಹೋಯ್ತು. ಮೇಲೆ ಸಿಲಿಕಾನ್ ಕೊಳವೆ ತೊಡಿಸಿ ಒಳಗೆ ಸಿಲಿಕಾನ್ ತುಂಬಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಹುಳಿ ವಾಸನೆ, ವಿನಿಗರ್ ವಾಸನೆ ಬರುವ ಸಿಲಿಕಾನ್ ಹಾಕಬೇಡಿ. ಅದು ಒಣಗುವಾಗ ಆಮ್ಲ ಬಿಡುತ್ತೆ, ತಾಮ್ರ ಹಸಿರು ಹಿಡಿಯುತ್ತೆ, ಕೆಲವೇ ತಿಂಗಳಲ್ಲಿ ಅಲ್ಲೇ ಮತ್ತೆ ಕಿಡಿ. ನ್ಯೂಟ್ರಲ್ ಅಂತ ಬರೆದಿರುವುದನ್ನೇ ತನ್ನಿ. 24 ಗಂಟೆ ಒಣಗಲು ಬಿಡಿ. ಸೀಸನ್ ಅಂತ ಆರು ಗಂಟೆಗೇ ಹಚ್ಚಬೇಡಿ.

ವಸಾಯಿ ಟ್ರೋಫಿ

ನನ್ನ ಹಳೇ ಪವರ್ ಸಪ್ಲೈ ಇನ್ನೂ ಕಪಾಟಿನಲ್ಲಿದೆ. ಅದು ಸತ್ತಿದೆಯೋ ಇಲ್ಲವೋ ಈಗ ಹೇಗೆ ನೋಡುವುದು?

ಭೋಸರಿ ಪ್ಯಾನೆಲ್

ಮಷಿನ್‌ಗೆ ಹಾಕಿ, ಟ್ಯೂಬ್ ಸೇರಿಸಿ, ನೀರು ಓಡಿಸಿ. ಟ್ಯೂಬ್ ಇಲ್ಲದೆ ಮಾತ್ರ ಹಚ್ಚಬೇಡಿ, ಹೋಗಲು ದಾರಿ ಇಲ್ಲದೆ ಕರೆಂಟ್ ಒಳಗೇ ಹಾರುತ್ತೆ. ಲೇಸರ್ ಹೊರಬೀಳುವ ಹೆಡ್ ಕೆಳಗೆ ಒಂದು ಮರದ ತುಂಡು ಇಟ್ಟು, ಮುಚ್ಚಳ ಹಾಕಿ. ಪವರ್ ಸಪ್ಲೈ ಮೇಲೇ ಟೆಸ್ಟ್ ಬಟನ್ ಇರುತ್ತೆ, ಪ್ಲಾಸ್ಟಿಕ್ ಕಡ್ಡಿಯಿಂದ ಒಂದು ಕ್ಷಣ ಒತ್ತಿ. ಸೂಜಿ ಎದ್ದು ಮರ ಸುಟ್ಟರೆ ಅದು ಜೀವಂತ. ಆಮೇಲೆ ಕಂಟ್ರೋಲರಿನಿಂದ ಹಚ್ಚಿ. ಬಟನ್‌ಗೆ ಹೊಡೆದು ಕಂಟ್ರೋಲರಿಗೆ ಹೊಡೆಯದಿದ್ದರೆ ತೊಂದರೆ ಸಿಗ್ನಲ್ ತಂತಿಗಳಲ್ಲಿ.

ಆ ಸಿಗ್ನಲ್ ಪಿನ್ನುಗಳಲ್ಲಿ ಬರೀ 5 ವೋಲ್ಟ್ ಆಟ, ಅಲ್ಲಿ ಮಾತ್ರ ಮೀಟರ್ ಇಡಬಹುದು. ಡಬ್ಲ್ಯುಪಿ ಅಂದರೆ ನೀರಿನ ಕಾವಲು. ನೀರು ಹರಿಯುವಾಗ ಅದು ಜಿ (ಗ್ರೌಂಡ್) ಜೊತೆ ಸೇರಿ ಸೊನ್ನೆ ತೋರಿಸಬೇಕು. ಟಿಎಲ್ ಅಂದರೆ ಲೇಸರ್ ಹಚ್ಚುವ ಸಿಗ್ನಲ್, ಸುಮ್ಮನಿದ್ದಾಗ 5ರ ಹತ್ತಿರ, ಲೇಸರ್ ಹೊಡೆಯುವಾಗ ಸೊನ್ನೆಯ ಹತ್ತಿರ. ಐಎನ್ ಅನ್ನುವುದು ಎಷ್ಟು ಪವರ್ ಅಂತ ಹೇಳುವ ತಂತಿ, 50 ಶೇಕಡಾ ಕೊಟ್ಟರೆ ಎರಡೂವರೆ ವೋಲ್ಟ್ ಆಸುಪಾಸು. ನೀರು ಹರಿದರೂ ಡಬ್ಲ್ಯುಪಿ ಸೊನ್ನೆಗೆ ಬರದಿದ್ದರೆ ಫ್ಲೋ ಸ್ವಿಚ್ ತೆಗೆದು ತೊಳೆಯಿರಿ, ಪಾಚಿ ಸಿಕ್ಕಿಕೊಂಡಿರುತ್ತೆ. ಕೆಲವರು ಅಲ್ಲೊಂದು ತಂತಿ ತುಂಡು ಹಾಕಿ ಶಾಶ್ವತವಾಗಿ ಸೇರಿಸಿಬಿಡುತ್ತಾರೆ. ಪಂಪ್ ನಿಂತ ದಿನ ಟ್ಯೂಬ್ ಬಿರುಕು ಬಿಟ್ಟು ಗೊತ್ತಾಗುತ್ತೆ.

ಆ ಕೆಂಪು ತಂತಿಯ ಕಡೆ ಮಾತ್ರ ಯಾವ ಮಲ್ಟಿಮೀಟರೂ ಹೋಗಬಾರದು. 1000 ವೋಲ್ಟ್ ಅಂತ ಬರೆದಿರುವ ಮೀಟರ್ 20 ಸಾವಿರಕ್ಕೆ ಕೈಯಲ್ಲೇ ಸಿಡಿಯುತ್ತೆ.

ವಸಾಯಿ ಟ್ರೋಫಿ

ಹೊಡೆಯಿತು. ಮರ ಸುಟ್ಟಿತು. ಇನ್ನು ಏನು ಹೇಳಲಿ. ಯಾರಿಗಾದರೂ ಬೇಕಿದ್ದರೆ ಹೇಳಿ, ಸೆಕೆಂಡ್ ಹ್ಯಾಂಡ್ ರೇಟಿಗೆ ಕೊಡ್ತೇನೆ.

ಮಾಪ್ಸಾ ಕೆತ್ತನೆ

ನನ್ನದೂ ಒಂದು ಕೇಳಿಬಿಡ್ತೇನೆ. ಹೆಡ್ ಮೂಲೆಗೆ ಹೋಗಿ ನಿಲ್ಲದೆ ಗಟ ಗಟ ಬಡಿಯುತ್ತೆ, ಕೆಲವೊಮ್ಮೆ ನಡುದಾರಿಯಲ್ಲೇ ಮೂಲೆ ಬಂತು ಅಂತ ನಿಲ್ಲುತ್ತೆ. ಮೂಲೆ ಗುರುತಿಸುವ ಸ್ವಿಚ್‌ನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳು ಹಸಿರು. ಸಮುದ್ರದ ಗಾಳಿ ಅಂತ ಎಲ್ಲರೂ ಹೇಳ್ತಾರೆ.

ಭೋಸರಿ ಪ್ಯಾನೆಲ್

ಸನ್‌ಬೋರ್ಡ್ ಕಟ್ ಮಾಡ್ತೀರಾ ಅಕ್ಕ? ರೆಕ್ಸಿನ್?

ಮಾಪ್ಸಾ ಕೆತ್ತನೆ

ಸನ್‌ಬೋರ್ಡ್ ಒಮ್ಮೊಮ್ಮೆ. ಗಿರಾಕಿ ಹಟ ಮಾಡಿದರೆ.

ಭೋಸರಿ ಪ್ಯಾನೆಲ್

ಸಮುದ್ರಕ್ಕೆ ಅರ್ಧ ಪಾಪ, ಉಳಿದರ್ಧ ಸನ್‌ಬೋರ್ಡಿಗೆ. ಅದು ಪಿವಿಸಿ. ಲೇಸರ್ ತಾಗಿದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ, ತೇವ ಸೇರಿದರೆ ಹೈಡ್ರೋಕ್ಲೋರಿಕ್ ಆಸಿಡ್. ಪಿನ್ನು, ರೈಲು, ಬೇರಿಂಗ್ ಎಲ್ಲ ತಿನ್ನುತ್ತೆ, ನಿಮ್ಮ ಎದೆಯನ್ನೂ ಬಿಡಲ್ಲ. ಸನ್‌ಬೋರ್ಡನ್ನು ರೂಟರಿಗೆ (ಬಿಟ್ ತಿರುಗಿಸಿ ಕೊರೆಯುವ ಮಷಿನ್) ಕಳಿಸಿ. ಪಿನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದರೆ ಸದ್ಯಕ್ಕೆ ನಡೆಯುತ್ತೆ, ಬದಲಾಯಿಸುವುದು ಒಳ್ಳೆಯದು. ಕೇಬಲ್ ಚೈನ್ ಒಳಗಿನ ತಂತಿಯನ್ನೂ ಬಗ್ಗಿಸಿ ಬಗ್ಗಿಸಿ ಮೀಟರ್‌ನಲ್ಲಿ ನೋಡಿ. ಹೊರಗೆ ಚೆನ್ನಾಗಿ ಕಂಡು ಒಳಗೆ ತುಂಡಾಗಿರುತ್ತೆ.

ಸಾಕಿನಾಕಾ ಬೋರ್ಡ್‌ನವ

ಎಲ್ಲರಿಗೂ ಅಪ್‌ಡೇಟ್. ಹಸಿರು ತಂತಿ ಎಳೆಸಿದೆ. ಸೊಸೈಟಿ ಸೆಕ್ರೆಟರಿ ಮೊದಲು ಮುಖ ಗಂಟಿಕ್ಕಿದರು. ತಮ್ಮ ಗಾಲಾದಲ್ಲೂ ಫೇಸ್–ಅರ್ಥ್ 60 ಬಂದದ್ದು ನೋಡಿ, ಮಹಡಿಯ ಎಲ್ಲರಿಗೂ ಎಳೆಸೋಣ ಅಂದರು. ಈಗ ಲೋಡ್ ಮೇಲೆ ನ್ಯೂಟ್ರಲ್–ಅರ್ಥ್ 1.4. ಆರ್‌ಸಿಸಿಬಿ ಹಾಕಿದೆ, ಬೀಳುತ್ತಿಲ್ಲ. ಪ್ಲಸ್ ತುದಿ ಹೊಸದಾಗಿ ಕಟ್ಟಿದೆ, ನೀರು ಬದಲಾಯಿಸಿದೆ, ಚಿಲ್ಲರ್ ಎರಡನೇ ಮೋಡ್‌ಗೆ ಹಾಕಿದೆ. ಸೂಜಿ 18ರಲ್ಲಿ ಕದಲದೆ ನಿಂತಿದೆ. ಅಕ್ಷರ ಒಂದೇ ಸಮ.

ಬ್ಲೋವರ್ ತೊಂದರೆ ಮಾತ್ರ ಉಳಿದಿದೆ. ಮೊದಲಿಗಿಂತ ಕಡಿಮೆ, ಆದರೂ ಇದೆ.

ಭೋಸರಿ ಪ್ಯಾನೆಲ್

ಬ್ಲೋವರ್ ಮೋಟಾರು ಆಫ್ ಆಗುವಾಗ ಸ್ವಿಚ್‌ನಲ್ಲಿ ಕಿಡಿ ಹಾರಿ ಲೈನಿಗೆ ಗದ್ದಲ ಬಿಡುತ್ತೆ. ಬ್ಲೋವರನ್ನು ಬೇರೆ ಎಂಸಿಬಿಯಿಂದ ಬೇರೆ ಲೈನಿಗೆ ಹಾಕಿ, ಅದರ ಸ್ವಿಚ್ ಹತ್ತಿರ ಕಿಡಿ ತಣಿಸುವ ಒಂದು ಆರ್‌ಸಿ ಸ್ನಬ್ಬರ್ ಕೊಡಿಸಿ. ಕಂಟ್ರೋಲರಿಗೆ ಯುಎಸ್‌ಬಿ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಲ್ಯಾನ್ ಪೋರ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತೆ, ಗದ್ದಲ ಕಂಪ್ಯೂಟರಿಗೆ ದಾಟುವುದು ಕಡಿಮೆ.

ಅದಕ್ಕೂ ಮೊದಲು 24 ವೋಲ್ಟ್ ಎಸ್‌ಎಂಪಿಎಸ್‌ನ ಸ್ಕ್ರೂಗಳನ್ನು ಒಮ್ಮೆ ತಿರುಗಿಸಿ ನೋಡಿ, ಪ್ಲಗ್ ಕಿತ್ತು. ನಮ್ಮಲ್ಲೊಂದು ಮಷಿನ್ ಕಂಪ್ರೆಸರ್ ಹಚ್ಚಿದಾಗಲೆಲ್ಲ ರೀಸೆಟ್ ಆಗ್ತಿತ್ತು. ತಂತಿಯ ತುದಿಗೆ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಬಿಗಿದಿದ್ದರು. ಬೆಸುಗೆ ಮೆತ್ತಗಿನ ಲೋಹ, ದಿನ ಕಳೆದಂತೆ ಸ್ಕ್ರೂ ಒತ್ತಡಕ್ಕೆ ಚಪ್ಪಟೆಯಾಗಿ ಸಡಿಲ ಆಗುತ್ತೆ. ಬೆಸುಗೆ ತುದಿ ಕತ್ತರಿಸಿ ಫೆರೂಲ್ (ತಂತಿ ತುದಿಗೆ ತೊಡಿಸಿ ಒತ್ತುವ ಲೋಹದ ಪುಟ್ಟ ಕೊಳವೆ) ಹಾಕಿ ಬಿಗಿದೆವು, ರೀಸೆಟ್ ನಿಂತಿತು.

ಸಾಕಿನಾಕಾ ಬೋರ್ಡ್‌ನವ

ಎರಡು ಸ್ಕ್ರೂ ಅರ್ಧ ಸುತ್ತು ತಿರುಗಿದವು. ಬೆಸುಗೆಯೂ ಇದೆ. ಫೆರೂಲ್, ಲ್ಯಾನ್ ಕೇಬಲ್ ತರಲು ನಾಳೆ ಲ್ಯಾಮಿಂಗ್ಟನ್ ರೋಡಿಗೆ ಹೋಗ್ತೇನೆ. ಪವರ್ ಸಪ್ಲೈ ತರಲ್ಲ.

ಮಾಪ್ಸಾ ಕೆತ್ತನೆ

ಆ ನ್ಯೂಟ್ರಲ್ ಸಿಲಿಕಾನ್ ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ "ಎಲ್ಲ ಒಂದೇ ಅಕ್ಕಾ, ತಗೊಂಡು ಹೋಗು" ಅಂತಾರೆ. ಮೂಸಿ ನೋಡಿ ತರೋಣ ಅಂದರೆ ಸೀಲ್ ಆಗಿರುತ್ತೆ.

ಡೊಂಬಿವಲಿ ವೈರ್‌ಮನ್

ಕನ್ನಡಿ ಕೂರಿಸುವ ಗಾಜಿನ ಅಂಗಡಿಯಲ್ಲಿ ಕೇಳಿ ಅಕ್ಕ. ಹುಳಿ ಸಿಲಿಕಾನ್ ಕನ್ನಡಿಯ ಹಿಂದಿನ ಬೆಳ್ಳಿ ಲೇಪವನ್ನ ತಿನ್ನುತ್ತೆ, ಹಾಗಾಗಿ ಅವರು ನ್ಯೂಟ್ರಲ್ ಇಟ್ಟೇ ಇರ್ತಾರೆ.